‘ಇನಿದು’ ಅಂದರೆ ಏನು? ಹಳೆಯ ಪದವೊಂದನ್ನು ಬಿಡಿಸುವ, ಬಳಸುವ ಬಗೆ

ತಂಗಿಯ ಮಗಳು ಎಂಟನೇ ಕ್ಲಾಸು. ಮಳೆಗಾಲದ ಒಂದು ಸಂಜೆ ಕನ್ನಡ ಪುಸ್ತಕ ಹಿಡಿದುಕೊಂಡು ಜಗಲಿಗೆ ಬಂದಳು. “ಮಾವ, ಇನಿದನಿ ಹೇಳಿರೆ ಇಂದ್ರಾಣ ದನಿಯಾ?” ಅಂತ ಕೇಳಿದಳು. ಇವತ್ತಿನ ದನಿಯಾ ಅಂತ ಅವಳ ಪ್ರಶ್ನೆ. ನನಗೆ ನಗು ಬಂತು. ಆದರೆ ತಪ್ಪು ಅವಳದ್ದಲ್ಲ. ಕಾಸರಗೋಡಿನ ನಮ್ಮಂಥವರ ಮನೆಯಲ್ಲಿ ಮಾತು ಹವ್ಯಕ ಕನ್ನಡ, ತೋಟದಲ್ಲಿ ತುಳು, ಪೇಟೆಗೆ ಇಳಿದರೆ ಮಲಯಾಳ. ತುಳುವಿನಲ್ಲಿ ‘ಇನಿ’ ಅಂದರೆ ಇವತ್ತು. ಅಡಿಕೆ ಕೊಯ್ಯುವವನು ಫೋನಿನಲ್ಲಿ “ಇನಿ ಬರ್ಪುಜೆ, ಎಲ್ಲೆ ಬರ್ಪೆ” ಅನ್ನುವುದನ್ನು ಅವಳು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದಾಳೆ. ಇವತ್ತು ಬರುವುದಿಲ್ಲ, ನಾಳೆ ಬರುತ್ತೇನೆ ಅಂತ ಅರ್ಥ. ಆ ‘ಇನಿ’ಯಲ್ಲಿ ನಮಗಂತೂ ಯಾವ ಸಿಹಿಯೂ ಇಲ್ಲ.

ಹಳಗನ್ನಡದ ‘ಇನಿ’ ಬೇರೆಯೇ. ಇನಿದು ಅಂದರೆ ಸಿಹಿಯಾದದ್ದು, ಹಿತವಾದದ್ದು. ಇನಿದನಿ ಅಂದರೆ ಕೇಳಲು ಹಿತವಾದ ದನಿ. ಇಷ್ಟು ಹೇಳಿ ಅವಳನ್ನು ಕಳಿಸಬಹುದಿತ್ತು. ಆದರೆ ಪುಸ್ತಕದಲ್ಲಿ ಇಂಥ ಪದ ಇನ್ನೂ ಹತ್ತು ಇತ್ತು, ಪ್ರತಿ ಸಲ ನಾನು ಜಗಲಿಯಲ್ಲಿ ಕೂತಿರುತ್ತೇನೆಯೇ? ಹಾಗಾಗಿ ಬಿಡಿಸುವ ಕ್ರಮವನ್ನೇ ಹೇಳಿಕೊಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಡಿನಾಡಿನವರಿಗೆ ಈ ಕೆಲಸ ಬೆಂಗಳೂರಿನವರಿಗಿಂತ ಸುಲಭ. ಮೋಸ ಹೋಗುವ ಅವಕಾಶವೂ ನಮಗೇ ಜಾಸ್ತಿ.

ಮೊದಲು ಸಾಲನ್ನು ಪೂರ್ತಿ ಬರೆದುಕೊಳ್ಳಿ

ಪದ ಗೊತ್ತಿಲ್ಲ ಅಂದ ಕೂಡಲೇ ನಿಘಂಟು ತೆರೆಯಬೇಡಿ. ಪದ ಇರುವ ಇಡೀ ಸಾಲನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದು ಯಾವುದನ್ನು ಬಣ್ಣಿಸುತ್ತಿದೆ ಅಂತ ನೋಡಿ. ದನಿಯನ್ನೋ, ಹಣ್ಣನ್ನೋ, ಮನುಷ್ಯನನ್ನೋ? ನಮ್ಮ ಹುಡುಗಿ ಇದನ್ನು ಮಾಡಿದ್ದರೆ ಅರ್ಧ ಸಂಶಯ ಅಲ್ಲೇ ಮುಗಿಯುತ್ತಿತ್ತು. ಅವಳ ಸಾಲಿನಲ್ಲಿ ಕೋಗಿಲೆ ಇತ್ತು. ಕೋಗಿಲೆಗೆ ಇವತ್ತಿನ ದನಿ ಬೇರೆ, ನಿನ್ನೆಯ ದನಿ ಬೇರೆ ಅಂತ ಇರುತ್ತದಾ?

ಆಮೇಲೆ ಸಂಧಿ ಬಿಡಿಸಿ

ಹಳೆಯ ಬಣ್ಣನೆಯ ಪದಗಳು ಒಂಟಿಯಾಗಿ ಸಿಗುವುದು ಕಡಿಮೆ. ಮುಂದಿನ ಪದಕ್ಕೆ ಅಂಟಿಕೊಂಡು, ರೂಪ ಬದಲಿಸಿಕೊಂಡು ಕೂತಿರುತ್ತವೆ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಆದ್ದರಿಂದ ಇದನ್ನು ಸ್ವಲ್ಪ ನಿಧಾನಕ್ಕೆ ನೋಡೋಣ.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಸ್ಮಾರಕ ಇದೆ. ಅದರ ಹೆಸರು ‘ಗಿಳಿವಿಂಡು’. ಅವರ ಕವನ ಸಂಕಲನದ ಹೆಸರೇ ಅದಕ್ಕೆ ಬಂದದ್ದು. ಅದರ ಮುಂದೆ ನಿಂತು ‘ವಿಂಡು’ ಅಂದರೇನು ಅಂತ ತಲೆ ಕೆರೆದುಕೊಂಡವರನ್ನು ನಾನು ನೋಡಿದ್ದೇನೆ. ವಿಂಡು ಅಂತ ಬೇರೆ ಪದ ಇಲ್ಲ. ಅದು ಹಳಗನ್ನಡದ ‘ಪಿಂಡು’, ಅಂದರೆ ನಾವು ಈಗ ಹೇಳುವ ಹಿಂಡು. ಗಿಳಿ ಜೊತೆ ಸೇರಿದಾಗ ಪಕಾರ ವಕಾರ ಆಯಿತು. ಗಿಳಿಗಳ ಹಿಂಡು, ಅಷ್ಟೇ.

ಈಗ ಇದೇ ಕಣ್ಣಿನಿಂದ ‘ಇಂಚರ’ವನ್ನು ನೋಡಿ. ಮನೆಗೆ, ಮಗಳಿಗೆ, ಶಾಲೆಯ ಕೈಬರಹ ಪತ್ರಿಕೆಗೆ ಇಡುವ ಹೆಸರು. ಇನಿದು ಮತ್ತು ಸರ ಸೇರಿ ಆದ ಪದ. ಸರ ಅಂದರೆ ಕುತ್ತಿಗೆಯ ಸರ ಅಲ್ಲ, ‘ಸ್ವರ’ದ ತದ್ಭವ. ಸೇರುವಾಗ ‘ಇನಿದು’ ಚಿಕ್ಕದಾಗಿ ‘ಇನ್’ ಆಗುತ್ತದೆ, ಸರದ ಸಕಾರ ಚಕಾರ ಆಗುತ್ತದೆ. ನುಣ್ ಮತ್ತು ಸರ ಸೇರಿ ‘ನುಣ್ಚರ’ ಆಗುವುದೂ ಹೀಗೆಯೇ. ಸಮಾಸದಲ್ಲಿ ಅಕ್ಷರ ಹೀಗೆ ಬದಲಾಗುವ ನಿಯಮಗಳನ್ನು ಕೇಶಿರಾಜ 13ನೆಯ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ಬರೆದಿಟ್ಟಿದ್ದಾನೆ.

‘ಇಂಪು’ ಕೂಡ ಇದೇ ಮನೆಯದು. ಇನ್ ಎಂಬುದಕ್ಕೆ ‘ಪು’ ಸೇರಿದೆ. ತಣ್ ಎಂಬುದಕ್ಕೆ ಪು ಸೇರಿ ತಣ್ಪು, ಅದೇ ಈಗಿನ ತಂಪು. ಬೆಳ್ ಎಂಬುದಕ್ಕೆ ಸೇರಿ ಬೆಳ್ಪು, ಅದೇ ಬಿಳುಪು. ಒಂದು ‘ಪು’ ಹಿಡಿದರೆ ನಾಲ್ಕು ಪದ ಕೈಗೆ ಬರುತ್ತವೆ.

ಇನ್ನೊಂದು ಪದ ನನಗೆ ಬಹಳ ಇಷ್ಟ. ‘ಇಮ್ಮಾವು’. ಹುಡುಗಿಗೆ ಬಿಡಿಸಲು ಕೊಟ್ಟೆ. “ಎರಡು ಮಾವು” ಅಂದಳು. ಇಮ್ಮಡಿ ಅಂದರೆ ಎರಡು ಪಟ್ಟು ತಾನೇ, ಇಮ್ಮಡಿ ಪುಲಿಕೇಶಿ ಅಂದರೆ ಎರಡನೆಯ ಪುಲಿಕೇಶಿ ತಾನೇ? ಲೆಕ್ಕ ಸರಿಯಾಗಿತ್ತು, ಉತ್ತರ ಮಾತ್ರ ತಪ್ಪು. ಇಲ್ಲಿ ಇರುವುದು ಎರಡರ ‘ಇರ್’ ಅಲ್ಲ, ಸಿಹಿಯ ‘ಇನ್’. ಇನಿದು ಮಾವು ಇಮ್ಮಾವು, ಸಿಹಿಮಾವು. ಎರಡೂ ಸಂಧಿಯಲ್ಲಿ ‘ಇಮ್’ ಆಗಿಬಿಡುತ್ತವೆ. ಯಾವುದು ಅಂತ ಹೇಳಬೇಕಾದ್ದು ಸಾಲು. ಅದಕ್ಕೇ ಮೊದಲು ಸಾಲು ಬರೆದುಕೊಳ್ಳಿ ಅಂದದ್ದು.

ನೆರೆಯವರನ್ನು ಕೇಳಿ

ಈ ಹಂತವನ್ನು ಶಾಲೆಯಲ್ಲಿ ಹೇಳಿಕೊಡುವುದಿಲ್ಲ. ಗಡಿನಾಡಿನವರಿಗೆ ಮಾತ್ರ ಪುಕ್ಕಟೆ ಸಿಗುವ ಸೌಲಭ್ಯ ಇದು. ಕನ್ನಡದಲ್ಲಿ ಹಳತಾದ ಪದ ಬೇಲಿಯಾಚೆ ಇನ್ನೂ ಓಡಾಡುತ್ತಿರಬಹುದು. ಕಿವಿ ಕೊಟ್ಟರೆ ಸಾಕು.

ಹೊಸೂರು, ತಾಳವಾಡಿ ಕಡೆಯ ಕನ್ನಡಿಗರಿಗೆ ‘ಇನಿಪ್ಪು’ ಗೊತ್ತು. ತಮಿಳಿನಲ್ಲಿ ಸಿಹಿಗೆ, ಸಿಹಿತಿಂಡಿಗೆ ಅದೇ ಮಾತು. ಹಬ್ಬ ಬಂದರೆ ಶುಭಾಶಯದ ಫ್ಲೆಕ್ಸುಗಳಲ್ಲಿ ‘ಇನಿಯ’ ಇದ್ದೇ ಇರುತ್ತದೆ. ತಿರುಕ್ಕುರಳಿನ ನೂರನೆಯ ಕುರಳು ಈ ಪದದಿಂದಲೇ ಶುರು. ಇನಿಯ ಮಾತು ಇರುವಾಗ ಕಹಿ ಮಾತು ಆಡುವುದು, ಹಣ್ಣು ಇರುವಾಗ ಕಾಯಿ ಕೊಯ್ದು ತಿಂದ ಹಾಗೆ ಅಂತ ಅದರ ಅರ್ಥ. ಆಂಧ್ರದ ಗಡಿಯಲ್ಲಿ ಮಡಕಶಿರ ಕಡೆಯವರು ತೆಲುಗಿನ ‘ಇಂಪು’ ಕೇಳಿರುತ್ತಾರೆ. ‘ಕಂಟಿಕಿ ಇಂಪುಗಾ’ ಅನ್ನುತ್ತಾರೆ, ಕಣ್ಣಿಗೆ ಹಿತವಾಗಿ ಅಂತ.

ನಮ್ಮಲ್ಲಿ ಮಲಯಾಳದ ‘ಇಂಬಂ’ ಇದೆ. ಹಾಡು ಹಿತವಾಗಿದ್ದರೆ ಇಂಬಂ, ಮನಸ್ಸಿಗೆ ಸುಖವಾದರೂ ಇಂಬಂ. ಮದುವೆಮನೆಯ ಭಾಷಣಗಳಲ್ಲಿ ಒಂದು ಮಾತು ಕಾಯಂ: “ಕೂಡುಂಬೋಳ್ ಇಂಬಮುಳ್ಳದು ಕುಡುಂಬಂ”. ಕೂಡಿದಾಗ ಇಂಪಾಗಿರುವುದೇ ಕುಟುಂಬ. ಕೇಳಲು ಚೆಂದ. ಕುಟುಂಬ ಸಂಸ್ಕೃತದಿಂದ ಬಂದ ಪದ, ಅದರಲ್ಲಿ ಕೂಡುವುದೂ ಇಲ್ಲ, ಇಂಬವೂ ಇಲ್ಲ. ಭಾಷಣಕ್ಕೆ ಅಡ್ಡಿಯಿಲ್ಲ ಬಿಡಿ.

ಈಗ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ತಮಿಳಿನ ಇನಿಪ್ಪು ನಾಲಿಗೆಗೆ. ತೆಲುಗಿನವರು ಇಂಪನ್ನು ಕಣ್ಣಿಗೆ ಹೇಳುತ್ತಾರೆ. ಮಲಯಾಳದ್ದು ಕಿವಿಗೂ ಹೌದು, ಮನಸ್ಸಿಗೂ ಹೌದು. ನಾವು ಈಗಿನ ಕನ್ನಡದಲ್ಲಿ ಇಂಪನ್ನು ಬರೀ ಕಿವಿಗೆ ಕಟ್ಟಿಹಾಕಿದ್ದೇವೆ. ಪಾಯಸ ಇಂಪಾಗಿದೆ ಅಂದರೆ ಬಡಿಸುವವರು ಸೌಟು ಹಿಡಿದುಕೊಂಡೇ ನಿಂತುಬಿಡುತ್ತಾರೆ. ಹಳೆಯ ಪದದ ಪೂರ್ತಿ ಅರ್ಥ ಒಂದೇ ಮನೆಯಲ್ಲಿ ಉಳಿದಿಲ್ಲ, ಪಾಲಾಗಿ ನಾಲ್ಕು ಮನೆಯಲ್ಲಿ ಹಂಚಿಹೋಗಿದೆ.

ಮೋಸದ ಪದಗಳನ್ನು ಬದಿಗಿಡಿ

ನೆರೆಯವರು ಹೇಳಿದ್ದೆಲ್ಲ ನಂಬುವ ಹಾಗೂ ಇಲ್ಲ. ತುಳುವಿನ ಇನಿ ಇವತ್ತು ಅಂತ ಆಯಿತು. ಮಲಯಾಳದ ಇನಿ ‘ಇನ್ನು, ಇನ್ನು ಮೇಲೆ’. ಬಸ್ಸಿನಲ್ಲಿ ಕಂಡಕ್ಟರ್ “ಇನಿ ಆರಾ?” ಅಂದರೆ ಇನ್ನು ಯಾರು ಟಿಕೆಟ್ ತೆಗೆಯಬೇಕು ಅಂತ. ಸಿಹಿಯಾದವರು ಯಾರು ಅಂತ ಅಲ್ಲ.

ಕನ್ನಡದ ಒಳಗೇ ಇನ್ನೆರಡು ಮೋಸ ಇವೆ. ‘ಇನಿತು’ ಅಂದರೆ ಇಷ್ಟು. ಅನಿತು, ಇನಿತು, ಎನಿತು ಅಂತ ಮೂರು ಜೊತೆಯ ಪದಗಳು. ಇನಿದು, ಇನಿತು ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಸಂಶಯ ಬಂದರೆ ಆ ಜಾಗದಲ್ಲಿ ‘ಇಷ್ಟು’ ಅಂತ ಹಾಕಿ ಓದಿ. ಸಾಲು ನಡೆದರೆ ಅದು ಇನಿತು. ಇನ್ನೊಂದು ಸಂಸ್ಕೃತದ ‘ಇನ’, ಅಂದರೆ ಸೂರ್ಯ. ತಾಳಮದ್ದಳೆಯಲ್ಲಿ ರಾಮನನ್ನು ‘ಇನಕುಲತಿಲಕ’ ಅಂದರೆ ಸೂರ್ಯವಂಶದ ತಿಲಕ ಅಂತ. ಸಿಹಿವಂಶ ಅಂತ ಅರ್ಥ ಮಾಡಿಕೊಂಡು ತಲೆದೂಗಿದವರೂ ಸಭೆಯಲ್ಲಿ ಇರಬಹುದು, ಯಾರು ಕೇಳುತ್ತಾರೆ.

ಈಗ ನಿಘಂಟು ತೆರೆಯಿರಿ

ಇಷ್ಟು ಮಾಡಿದ ಮೇಲೆ ನಿಘಂಟು. ಇಲ್ಲೊಂದು ಸಂತೋಷದ ವಿಷಯ ಇದೆ. ನಮ್ಮ ಕಿವಿಗೆ ಬೀಳುವ ಮೂರು ಭಾಷೆಗಳ ಹಳೆಯ ದೊಡ್ಡ ನಿಘಂಟುಗಳು ಅಚ್ಚಾದದ್ದು ಒಂದೇ ಊರಿನಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಗುಂಡರ್ಟ್ ಅವರ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ. ಮೂರೂ ಈಗ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥ ಇಂಗ್ಲಿಷಿನಲ್ಲಿ ಇರುತ್ತದೆ, ಅದಕ್ಕೆ ಹೆದರಬೇಡಿ. ಕಿಟ್ಟೆಲ್ ಅವರಲ್ಲಿ ಪದದ ಪಕ್ಕದಲ್ಲೇ ತಮಿಳು, ಮಲಯಾಳ, ತುಳು, ತೆಲುಗಿನ ನೆಂಟಪದಗಳೂ ಇರುತ್ತವೆ. ನೀವು ಬೇಲಿಯಾಚೆ ಕೇಳಿ ಊಹಿಸಿದ್ದು ಸರಿಯಾ ಅಂತ ಅಲ್ಲೇ ತಾಳೆ ನೋಡಬಹುದು.

ಹುಡುಕುವಾಗ ಒಂದು ಎಚ್ಚರ. ಹಕಾರದಲ್ಲಿ ಸಿಗದ ಪದವನ್ನು ಪಕಾರದಲ್ಲಿ ಹುಡುಕಿ. ಹಾಲು ಹಳಗನ್ನಡದಲ್ಲಿ ಪಾಲ್, ಹೂ ಪೂ, ಹಿರಿದು ಪಿರಿದು. ನಮ್ಮವರಿಗೆ ಇದು ಕಷ್ಟವೇ ಅಲ್ಲ. ಪಾಲ್, ಪೂವು ಅಂತ ಮಲಯಾಳದಲ್ಲಿ ದಿನಾ ಕೇಳುತ್ತೇವೆ ಅಲ್ವಾ.

ಪದವನ್ನು ಯಾವ ಕವಿ ಹೇಗೆ ಬಳಸಿದ್ದಾನೆ ಅಂತ ನೋಡಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೇ ಬೇಕು. ಅದರಲ್ಲಿ ಅರ್ಥದ ಕೆಳಗೆ ಕಾವ್ಯದ ಸಾಲುಗಳನ್ನೂ ಕೊಟ್ಟಿದ್ದಾರೆ. ಬೇಗ ನೋಡಬೇಕೆಂದರೆ ಮೊಬೈಲಿನಲ್ಲೇ ‘ಅಲರ್’ ನಿಘಂಟು ಇದೆ.

ಕವಿಗಳ ಬಳಿ ಹೋಗಿ

ನಿಘಂಟು ಅರ್ಥ ಹೇಳುತ್ತದೆ, ಆದರೆ ಪದದ ಬಿಸಿ ಗೊತ್ತಾಗುವುದು ಪದ್ಯದಲ್ಲಿ. ಪಂಪನ ‘ವಿಕ್ರಮಾರ್ಜುನ ವಿಜಯ’ 941ರ ಕಾವ್ಯ. ಅದರ ಬನವಾಸಿಯ ಪದ್ಯ ಎಲ್ಲರಿಗೂ ಗೊತ್ತಿರುವುದೇ. ಆದರೂ ನಮ್ಮ ಪದಕ್ಕಾಗಿ ಒಮ್ಮೆ ಓದಿ: “ತೆಂಕಣ ಗಾಳಿ ಸೋಂಕಿದೊಡಂ ಒಳ್ನುಡಿಗೇಳ್ದೊಡಂ ಇಂಪನಾಳ್ದ ಗೇಯಂ ಕಿವಿವೊಕ್ಕೊಡಂ”. ತೆಂಕಣ ಅಂದರೆ ದಕ್ಷಿಣದ, ತೆಂಕುತಿಟ್ಟಿನ ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ‘ಇಂಪನಾಳ್ದ ಗೇಯಂ’ ಅಂದರೆ ಇಂಪು ತುಂಬಿದ ಹಾಡು. ಇಲ್ಲಿ ಇಂಪು ಕಿವಿಯದ್ದೇ. ‘ಕಿವಿವೊಕ್ಕೊಡಂ’ ಅಂತ ಅವನೇ ಹೇಳಿದ್ದಾನೆ. ಕಿವಿ ಮತ್ತು ಪೊಕ್ಕೊಡಂ ಸೇರಿದ್ದು, ಹೊಕ್ಕರೂ ಅಂತ. ಗಿಳಿವಿಂಡಿನ ವಕಾರವೇ ಇಲ್ಲೂ ಬಂತು.

ಅದೇ ಕಾವ್ಯದ ಇನ್ನೊಂದು ಸಾಲು ಸ್ವಲ್ಪ ಗಟ್ಟಿ: “ಚಾಗದ ಭೋಗದಕ್ಕರದ ಗೇಯದ ಗೊಟ್ಟಿಯಲಂಪಿನಿಂಪುಗಳ್ಗಾಗರಮಾದ ಮಾನಸರೆ ಮಾನಸರ್”. ಹುಡುಗಿ ಇದನ್ನು ಓದಿ “ಪಿನಿಂಪು ಅಂದರೆ ಎಂತರ?” ಅಂದಳು. ಪೆನ್ಸಿಲ್ ಕೊಟ್ಟು ಗೆರೆ ಎಳೆಯಲು ಹೇಳಿದೆ. ಗೊಟ್ಟಿಯ, ಅಲಂಪಿನ, ಇಂಪುಗಳ್ಗೆ, ಆಗರಮಾದ. ನಾಲ್ಕು ಪದ. ನಮ್ಮ ಇಂಪು ಒಳಗೆ ಅಡಗಿಕೊಂಡಿತ್ತು. ಚಾಗ ಅಂದರೆ ತ್ಯಾಗ, ದಾನ. ಅಕ್ಕರ ಅಂದರೆ ಅಕ್ಷರ, ವಿದ್ಯೆ. ಗೊಟ್ಟಿ ಅಂದರೆ ಗೋಷ್ಠಿ, ನಾಲ್ಕು ಜನ ಕೂತು ಮಾತಾಡುವುದು. ಅಲಂಪು ಅಂದರೆ ಸಂತೋಷ. ಇವುಗಳ ಇಂಪಿಗೆ ಆಗರವಾದ, ಅಂದರೆ ನೆಲೆಯಾದ, ಮನುಷ್ಯರೇ ಮನುಷ್ಯರು ಅಂತ ಸಾಲಿನ ಅರ್ಥ.

ಈಗ ಗಮನಿಸಿ. ಈ ಸಾಲಿನಲ್ಲಿ ಗೇಯ, ಅಂದರೆ ಹಾಡು, ಐದರಲ್ಲಿ ಒಂದು ಮಾತ್ರ. ದಾನದಲ್ಲೂ ಇಂಪು, ಭೋಗದಲ್ಲೂ ಇಂಪು, ಓದಿನಲ್ಲೂ ಇಂಪು, ಹರಟೆಯಲ್ಲೂ ಇಂಪು. ಪಂಪನ ಕಾಲಕ್ಕೆ ಈ ಪದ ಇನ್ನೂ ಪಾಲಾಗಿರಲಿಲ್ಲ. ‘ಇಂಪು ಅಂದರೆ ಕೇಳಲು ಹಿತವಾದದ್ದು’ ಅಂತ ಈಗಿನ ಅರ್ಥ ಹಿಡಿದುಕೊಂಡು ಈ ಸಾಲು ಓದಿದರೆ ಅದು ಅರ್ಧವೂ ತೆರೆಯುವುದಿಲ್ಲ.

ಹೊಸ ಕಾಲದಲ್ಲಿ ಹಳೆಯ ಮಾತನ್ನು ಬೇಕೆಂದೇ ಎತ್ತಿಕೊಂಡವನು ನಮ್ಮ ಕರಾವಳಿಯ ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಹೋದವನು. ಹಳಗನ್ನಡ ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ ಹಳಗನ್ನಡದ ಗದ್ಯ ಬರೆದ. “ಕನ್ನಡಂ ಕತ್ತುರಿಯಲ್ತೆ” ಅಂದದ್ದು ಅವನೇ. ಆದರೆ ಮುದ್ದಣ ಮನೋರಮೆಯರ ಸಲ್ಲಾಪ ಓದಿ ನೋಡಿ. ಪದ ಹಳತು, ಮಾತಿನ ಓಟ ಮಾತ್ರ ಗಂಡ ಹೆಂಡಿರ ಜಗಳದ್ದೇ. ಹಳೆಯ ಪದ ಬಳಸುವವರು ಕಲಿಯಬೇಕಾದ್ದು ಅದನ್ನು.

ಕೊನೆಗೆ ನೀವೇ ಬರೆಯುವಾಗ

ಮೊದಲು ನಾನು ಮಾಡಿಕೊಂಡ ಎಡವಟ್ಟು ಹೇಳಿಬಿಡುತ್ತೇನೆ. ವರ್ಷಗಳ ಹಿಂದೆ ಊರಿನ ಒಂದು ಸಂಘದ ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಟ್ಟಿದ್ದೆ. ಆಗ ನನಗೆ ತಮಿಳು ಓದುವ ಹುಚ್ಚು ಹೊಸದು. ಅಲ್ಲಿ ಸ್ನೇಹಿತರನ್ನೂ ಹಿರಿಯರನ್ನೂ ‘ಇನಿಯ’ ಅನ್ನುವುದು ನೋಡಿ ಖುಷಿಯಾಗಿ, ನಾನೂ ‘ನಮ್ಮ ಇನಿಯ ಅಧ್ಯಕ್ಷರು’ ಅಂತ ಬರೆದೆ. ಅಚ್ಚಾಗುವ ಮುಂಚೆ ಯಾರೂ ಓದಲಿಲ್ಲ. ಅಚ್ಚಾದ ಮೇಲೆ ಎಲ್ಲರೂ ಓದಿದರು. ಕನ್ನಡದಲ್ಲಿ ಇನಿಯ ಅಂದರೆ ಪ್ರಿಯಕರ ಅಂತ ಆಗಿ ಕಾಲವಾಯಿತು. ಸಂಘದ ಊಟದ ದಿನ ಅಧ್ಯಕ್ಷರ ಹೆಂಡತಿಯೇ ನನ್ನ ಎಲೆಯ ಮುಂದೆ ನಿಂತು, “ಪಾಯಸ ನಿಮಗೆ ಮೊದಲು ಬಡಿಸಲಾ, ನಿಮ್ಮ ಇನಿಯರಿಗಾ?” ಅಂತ ಕೇಳಿದರು. ಅಧ್ಯಕ್ಷರು ಪಕ್ಕದ ಎಲೆಯಲ್ಲಿದ್ದರು.

ಹಾಗಾಗಿ ನೆರೆಭಾಷೆಯಲ್ಲಿ ಪದ ಜೀವಂತ ಇದೆ ಅಂತ ಅಲ್ಲಿನ ಬಳಕೆಯನ್ನೇ ತಂದು ನೆಡಬೇಡಿ. ಅರ್ಥಕ್ಕೆ ಅವರನ್ನು ಕೇಳಿ, ಬಳಕೆಗೆ ನಮ್ಮವರನ್ನು. ಮನುಷ್ಯರಿಗಾದರೆ ಇನಿಯ, ಇನಿಯಳು ಪ್ರೀತಿಸಿದವರಿಗೆ ಮಾತ್ರ ಇರಲಿ.

ವ್ಯಾಕರಣದಲ್ಲಿ ಒಂದು ಸಣ್ಣ ಗಂಟು ಇದೆ. ‘ಇನಿದು’ ತಾನೇ ಒಂದು ಪೂರ್ತಿ ಪದ, ಹಿರಿದು, ಕಿರಿದು ಇದ್ದ ಹಾಗೆ. ಹಿರಿದು ಮನೆ ಅನ್ನುತ್ತೇವಾ? ಇಲ್ಲ. ಹಾಗೆಯೇ ‘ಇನಿದು ಮಾತು’ ಸರಿಯಾಗುವುದಿಲ್ಲ. ‘ಮಾತು ಇನಿದು’ ಸರಿ, ‘ಇನಿದಾದ ಮಾತು’ ಸರಿ, ಸಮಾಸ ಮಾಡಿ ‘ಇನಿಮಾತು’ ಅಂದರೂ ಸರಿ. ‘ಇನಿಯ ಮಾತು’ ವ್ಯಾಕರಣದಲ್ಲಿ ತಪ್ಪಲ್ಲ. ಆದರೆ ಪಾಯಸದ ಕತೆ ನೆನಪಿಟ್ಟುಕೊಳ್ಳಿ.

ಸಮಾಸ ಮಾಡುವಾಗ ಪಕ್ಕದ ಪದ ಯಾವುದು ಅಂತ ನೋಡಿ. ಅಚ್ಚಗನ್ನಡ ಪದಕ್ಕೆ ಸಂಸ್ಕೃತ ಪದವನ್ನು ನೇರವಾಗಿ ಹೊಲಿದರೆ ವ್ಯಾಕರಣದವರು ಅರಿಸಮಾಸ ಅನ್ನುತ್ತಾರೆ. ನಿಯಮ ಬಿಡಿ, ಕಿವಿಗೇ ತಿಳಿಯುತ್ತದೆ. ‘ಇನಿಧ್ವನಿ’ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ, ಅಕ್ಕಿಯಲ್ಲಿ ಕಲ್ಲು ಸಿಕ್ಕಿದ ಹಾಗೆ. ಧ್ವನಿಯ ತದ್ಭವ ದನಿ. ಅದನ್ನು ಸೇರಿಸಿ ‘ಇನಿದನಿ’ ಅಂದರೆ ಎಷ್ಟು ಸಲೀಸು. ಇಂಚರದಲ್ಲಿ ಸ್ವರದ ಬದಲು ಸರ ಬಂದದ್ದೂ ಇದಕ್ಕೇ. ಮೊದಲಿನವರಿಗೆ ಕಿವಿ ಚೆನ್ನಾಗಿತ್ತು.

ಯಾವಾಗ ಇನಿದು, ಯಾವಾಗ ಸಿಹಿ? ನನ್ನ ಲೆಕ್ಕ ಹೀಗೆ. ಚಹಾ, ಲಾಡು, ಕಬ್ಬು ಸಿಹಿ. ತಿಂದು, ಅನುಭವಿಸಿ, ನೆನಪಿಟ್ಟುಕೊಂಡದ್ದು ಸವಿ. ಹಾಡು, ಮಾತು ಇಂಪು. ಮಧುರ ಅನ್ನುವುದು ಸಿನಿಮಾ ಹಾಡಿನಲ್ಲಿ ಜಾಸ್ತಿ ಬಳಸಿ ಸವೆದುಹೋಗಿದೆ, ನಾನು ಮುಟ್ಟುವುದಿಲ್ಲ. ನಾಲಿಗೆ, ಕಿವಿ, ಮನಸ್ಸು ಮೂರಕ್ಕೂ ಒಟ್ಟಿಗೆ ಹಿತವಾದದ್ದನ್ನು ಹೇಳಬೇಕಾದಾಗ ಮಾತ್ರ ಇನಿದು. ಒಂದು ಬರಹಕ್ಕೆ ಒಂದು ಸಲ ಸಾಕು. ಎರಡನೇ ಸಲ ಬಂದರೆ ಓದುವವರಿಗೆ ನೀವು ನಿಘಂಟು ಕೊಂಡದ್ದು ಗೊತ್ತಾಗುತ್ತದೆ. ಸುತ್ತಲಿನ ಪದಗಳು ತಿಳಿಯಾಗಿರಲಿ. ‘ಅಜ್ಜಿ ಬೈದರೂ ಇನಿದು’ ಅಂದರೆ ಚೆನ್ನ. ‘ಪಿತಾಮಹಿಯ ನಿಂದನೆಯೂ ಇನಿದಾಗಿ ಭಾಸವಾಯಿತು’ ಅಂದರೆ ಅಜ್ಜಿಯೂ ಓಡಿಹೋಗುತ್ತಾಳೆ.

ಬರೆದ ಮೇಲೆ ಆ ಪದ ತೆಗೆದು ಸಾದಾ ಪದ ಹಾಕಿ ಓದಿ. ಏನೂ ಕಡಿಮೆ ಆಗಲಿಲ್ಲ ಅಂದರೆ ಸಾದಾ ಪದವೇ ಇರಲಿ.

ಹುಡುಗಿ ಇಷ್ಟೆಲ್ಲ ಕೇಳಿಕೊಂಡು ಹೋದಳು. ಮರುದಿನ ಬೆಳಿಗ್ಗೆ ಕೊಟ್ಟಿಗೆ ಹಿಂದಿನ ಕಾಟುಮಾವಿನ ಮರದ ಕೆಳಗೆ ಬಿದ್ದ ಹಣ್ಣುಗಳನ್ನು ಹೆಕ್ಕಿ ಬುಟ್ಟಿಯಲ್ಲಿ ತಂದಳು. ಮೇಲೆ ಚೀಟಿ ಇತ್ತು, ‘ಇಮ್ಮಾವು’ ಅಂತ. ತಂಗಿ ಒಂದು ಹಣ್ಣು ಚೀಪಿ ಮುಖ ಹುಳ್ಳಗೆ ಮಾಡಿ, ಗೊಜ್ಜಿಗೆ ಎರಡು ಅಚ್ಚು ಬೆಲ್ಲ ಬೇಕು ಅಂತ ಡಬ್ಬ ತೆಗೆಯಲು ಒಳಗೆ ಹೋದಳು.